ಒಪ್ಪಂದ ಎರಡೇ ವರ್ಷ ಉಳಿದಿದೆ, ಸ್ಟಾರ್‌ಗೆ ಭಾರೀ ಆಫರ್ ಬಂದಿದೆ: ಮಾರೋದಾ, ಇಟ್ಕೊಳ್ಳೋದಾ?

ಎಡಗಾಲಿನವ (ಚರ್ಚೆ ಶುರು ಮಾಡಿದವರು)

ಫುಟ್‌ಬಾಲ್‌ನಲ್ಲಿ ಪ್ರತಿ ಟ್ರಾನ್ಸ್‌ಫರ್ ವಿಂಡೋದಲ್ಲೂ (ಕ್ಲಬ್‌ಗಳು ಆಟಗಾರರನ್ನು ಕೊಳ್ಳುವ, ಮಾರುವ ಅವಧಿ) ಇದೇ ಜಗಳ. ತಂಡದ ಅತ್ಯುತ್ತಮ ಆಟಗಾರ, ಎಲ್ಲರಿಗಿಂತ ಜಾಸ್ತಿ ಸಂಬಳ, ಒಪ್ಪಂದ ಮುಗಿಯಲು ಎರಡು ವರ್ಷ. ಅಷ್ಟರಲ್ಲಿ ಇನ್ನೊಂದು ದೊಡ್ಡ ಕ್ಲಬ್ ಭಾರೀ ಮೊತ್ತ ಹಿಡಿದು ಬರುತ್ತದೆ. ಅರ್ಧ ಅಭಿಮಾನಿಗಳು "ಅವನು ಹೋದರೆ ಕ್ಲಬ್ ಮುಗೀತು" ಅಂತ ಎದೆ ಬಡಿದುಕೊಳ್ಳುತ್ತಾರೆ. ಇನ್ನರ್ಧ ಜನ "ಮಾರಿ, ಆ ದುಡ್ಡಲ್ಲಿ ಮೂವರು ಬರುತ್ತಾರೆ" ಅನ್ನುತ್ತಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಮಾರಿ. ಆದರೆ ಆ ದುಡ್ಡು ಯಾವ ಜಾಗಕ್ಕೆ, ಯಾರಿಗೆ ಅನ್ನೋದು ಮಾರುವ ಮೊದಲೇ ಗೊತ್ತಿರಬೇಕು. "ಬರಲಿ, ಆಮೇಲೆ ನೋಡೋಣ" ಅನ್ನುವ ಕ್ಲಬ್ ಮಾರಲೇಬಾರದು.

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನ ಸ್ಟಾರ್ ಕುಟಿನ್ಹೊ ಕಥೆ ಎಲ್ಲರಿಗೂ ಗೊತ್ತು, ಆದರೂ ದಿನಾಂಕ ಜೋಡಿಸಿ ನೋಡಿ. 2017ರ ಜನವರಿಯಲ್ಲಿ ಲಿವರ್‌ಪೂಲ್ ಅವನ ಜೊತೆ ಐದು ವರ್ಷದ ಹೊಸ ಒಪ್ಪಂದ ಮಾಡಿಕೊಂಡಿತು. "ಇಷ್ಟು ಕೊಟ್ಟರೆ ಬಿಡಬೇಕು" ಅನ್ನುವ ಷರತ್ತು ಅದರಲ್ಲಿ ಇರಲಿಲ್ಲ. ಆ ಬೇಸಿಗೆಯಲ್ಲಿ ಬಾರ್ಸಿಲೋನಾ ಮೇಲಿಂದ ಮೇಲೆ ಬಂತು. ಹುಡುಗ ತಾನೇ ಬಿಡಿ ಅಂತ ಕೇಳಿಕೊಂಡ. ಆದರೂ ಕ್ಲಬ್ ಬಗ್ಗಲಿಲ್ಲ. 2018ರ ಜನವರಿಯಲ್ಲಿ, ಬೋನಸ್ ಎಲ್ಲ ಸೇರಿ 14.2 ಕೋಟಿ ಪೌಂಡ್‌ಗೆ ಬಿಟ್ಟುಕೊಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ವಾನ್ ಡೈಕ್‌ನನ್ನು 7.5 ಕೋಟಿಗೆ ಹಿಡಿದಾಗಿತ್ತು. ಮೇ ತಿಂಗಳಲ್ಲಿ ಕೀವ್‌ನ ಚಾಂಪಿಯನ್ಸ್ ಲೀಗ್ (ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ) ಫೈನಲ್‌ನಲ್ಲಿ ಲಿವರ್‌ಪೂಲ್ ಗೋಲ್‌ಕೀಪರ್ ಕೈಯಲ್ಲಿ ಎಂಥ ತಪ್ಪುಗಳಾದವು ಅಂತ ಎಲ್ಲರೂ ನೋಡಿದರು. ಜುಲೈಗೆ ಹೊಸ ಕೀಪರ್ ಅಲಿಸನ್ ಬಂದ, 6.68 ಕೋಟಿ. ಎರಡನ್ನೂ ಕೂಡಿಸಿ, 14.18. ಒಬ್ಬ ಕುಟಿನ್ಹೊಗೆ ಒಬ್ಬ ಸೆಂಟರ್ ಬ್ಯಾಕ್, ಒಬ್ಬ ಕೀಪರ್. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 30 ವರ್ಷದ ನಂತರ ಇಂಗ್ಲೆಂಡಿನ ಲೀಗ್.

ಈಗ ಬೈಯೋರು ಬೈಯಬಹುದು.

ಆಫ್‌ಸೈಡ್ ರಾಯ

ಗುರು, ಪ್ರತಿ ಸಲ ಕುಟಿನ್ಹೊ. ಮಾರಾಟ ಸರಿ ಅಂತ ವಾದ ಮಾಡುವ ಎಲ್ಲರಿಗೂ ಇದೊಂದೇ ಪಾಠ ಬಾಯಿಪಾಠ ಆಗಿದೆ. 2013ರ ಟಾಟನ್‌ಹ್ಯಾಮ್ ಬಗ್ಗೆ ಯಾಕೆ ಮಾತಿಲ್ಲ?

ಅವರ ಸ್ಟಾರ್ ಬೇಲ್ ಆಗಷ್ಟೇ ಮುಗಿದ ಸೀಸನ್‌ನಲ್ಲಿ ಲೀಗ್‌ನಲ್ಲೇ 21 ಗೋಲು ಹೊಡೆದಿದ್ದ. ರಿಯಲ್ ಮ್ಯಾಡ್ರಿಡ್ ಆಗಿನ ಕಾಲಕ್ಕೆ ವಿಶ್ವದಾಖಲೆ ಬೆಲೆ ಕೊಟ್ಟಿತು. ಆ ದುಡ್ಡಿಗೆ ಏಳು ಜನ ಬಂದರು: ಸೊಲ್ದಾಡೊ, ಲಮೇಲಾ, ಪಾಲಿನ್ಯೊ, ಎರಿಕ್ಸನ್, ಷಾದ್ಲಿ, ಕಪೂ, ಕಿರಿಕೆಷ್. ಹಿಂದಿನ ವರ್ಷ ಐದನೇ ಸ್ಥಾನ, ಆ ವರ್ಷ ಆರನೇದು. ಡಿಸೆಂಬರ್‌ನಲ್ಲಿ ಸ್ವಂತ ಮೈದಾನದಲ್ಲಿ ಲಿವರ್‌ಪೂಲ್ ಕೈಯಲ್ಲಿ 5-0 ತಿಂದು, ಮರುದಿನವೇ ಮ್ಯಾನೇಜರ್ ಮನೆಗೆ ಹೋದರು.

ಏಳರಲ್ಲಿ ನಿಜವಾಗಿ ನಿಂತವನು ಎರಿಕ್ಸನ್ ಒಬ್ಬ. ಅವನು ಬಂದಿದ್ದು ಆ ಪಟ್ಟಿಯ ಅತಿ ದುಬಾರಿ ಬೆಲೆಗೂ ಅಲ್ಲ.

ಎಡಗಾಲಿನವ

ರಾಯರೇ, ನನ್ನ ಮಾತನ್ನೇ ನೀವು ಹೇಳುತ್ತಿದ್ದೀರಿ. ಬೇಲ್ ಹೋದ ಜಾಗಕ್ಕೆ ಇಂಥವನೇ ಬೇಕು ಅಂತ ಟಾಟನ್‌ಹ್ಯಾಮ್ ಯೋಚಿಸಿದ ಹಾಗೆ ಕಾಣಲಿಲ್ಲ. ಗುಂಪಿನಲ್ಲಿ ತಂದರು. ಏಳು ಹೊಸಬರು ಒಂದೇ ಬೇಸಿಗೆಯಲ್ಲಿ ಬಂದರೆ ಪಾಸ್ ಯಾರಿಗೆ ಕೊಡಬೇಕು ಅಂತ ಗೊತ್ತಾಗೋಕೇ ಡಿಸೆಂಬರ್ ಬರುತ್ತದೆ. ಲಿವರ್‌ಪೂಲ್ ತಂದಿದ್ದು ಇಬ್ಬರನ್ನು. ಇಬ್ಬರೂ ನೇರ ಹನ್ನೊಂದರ ಒಳಗೆ.

ಲೆಕ್ಕದ ಮೇಷ್ಟ್ರು

ಆಟದ ವಿಷಯ ನೀವು ಮಾತಾಡಿಕೊಳ್ಳಿ. "ದುಬಾರಿ" ಅನ್ನೋದನ್ನು ಇಲ್ಲಿ ಯಾರೂ ಸರಿಯಾಗಿ ಲೆಕ್ಕ ಹಾಕುತ್ತಿಲ್ಲ, ಹಾಗಾಗಿ ನಾನು ಹಾಕುತ್ತೇನೆ.

ಒಬ್ಬನನ್ನು 10 ಕೋಟಿಗೆ ತಂದು ಐದು ವರ್ಷದ ಒಪ್ಪಂದ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಲೆಕ್ಕಪುಸ್ತಕದಲ್ಲಿ ಆ 10 ಕೋಟಿ ಒಂದೇ ಸಲ ಖರ್ಚು ಬೀಳುವುದಿಲ್ಲ. ವರ್ಷಕ್ಕೆ 2 ಕೋಟಿ. ವಾರಕ್ಕೆ 3 ಲಕ್ಷ ಸಂಬಳ ಅಂದರೆ ವರ್ಷಕ್ಕೆ 1.56 ಕೋಟಿ. ಒಟ್ಟು ವರ್ಷಕ್ಕೆ 3.56 ಕೋಟಿ. ಅವನು ಆಡಲಿ, ಬೆಂಚ್ ಕಾಯಲಿ, ಮಂಡಿ ಮುರಿದುಕೊಂಡು ಮಲಗಿರಲಿ, ಇದು ಓಡುತ್ತಲೇ ಇರುತ್ತದೆ.

ಎರಡು ವರ್ಷ ಆದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 6 ಕೋಟಿ. 8 ಕೋಟಿಗೆ ಮಾರಿದರೆ 2 ಕೋಟಿ ಲಾಭ, 5 ಕೋಟಿಗೆ ಮಾರಿದರೆ 1 ಕೋಟಿ ನಷ್ಟ. "10 ಕೋಟಿಗೆ ತಂದು 8ಕ್ಕೆ ಮಾರಿದರು, ದಡ್ಡರು" ಅಂತ ಬೈಯುವವರು ಇಲ್ಲೇ ಎಡವುವುದು. ಅದೇ ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ ಹುಡುಗನಾದರೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಮಾರಿದ ಪೂರ್ತಿ ಮೊತ್ತ ಆ ವರ್ಷದ ಲಾಭ. ಅದಕ್ಕೇ ಎಷ್ಟೋ ಕ್ಲಬ್‌ಗಳು ಮನೆಮಕ್ಕಳನ್ನೇ ಮೊದಲು ಮಾರುತ್ತವೆ. ಅಭಿಮಾನಿಗಳಿಗೆ ಹೊಟ್ಟೆ ಉರಿಯುತ್ತದೆ, ಲೆಕ್ಕ ಬರೆಯುವವನಿಗೆ ಹಬ್ಬ.

ಒಪ್ಪಂದವನ್ನು ಎಂಟು ವರ್ಷ ಎಳೆದು ವರ್ಷದ ಖರ್ಚು ಕಮ್ಮಿ ತೋರಿಸುವ ಉಪಾಯವನ್ನು ಚೆಲ್ಸಿ ಮಾಡಿತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2023ರಲ್ಲಿ ಅದಕ್ಕೆ ಕತ್ತರಿ ಹಾಕಿತು. ಒಪ್ಪಂದ ಎಷ್ಟೇ ಉದ್ದ ಇರಲಿ, ಹಂಚುವುದು ಐದು ವರ್ಷಕ್ಕೆ ಮಾತ್ರ. ಅದರ ಮೇಲೆ, ಈಗ ಯುರೋಪಿನ ಟೂರ್ನಿಗಳಲ್ಲಿ ಆಡುವ ಕ್ಲಬ್‌ಗಳು ಸಂಬಳ, ಟ್ರಾನ್ಸ್‌ಫರ್ ಹಂಚಿಕೆ, ಏಜೆಂಟ್ ದುಡ್ಡು ಎಲ್ಲ ಸೇರಿ ಆದಾಯದ 70 ಶೇಕಡಾ ದಾಟಬಾರದು. ಒಬ್ಬನೇ ಅದರಲ್ಲಿ ದೊಡ್ಡ ತುಂಡು ತಿಂದರೆ ಉಳಿದ ಇಪ್ಪತ್ತನಾಲ್ಕು ಜನಕ್ಕೆ ಏನು ಉಳಿಯುತ್ತದೆ ಅಂತ ಯೋಚಿಸಿ.

ಹಳೇ ಬೂಟು

ಮೇಷ್ಟ್ರೇ ನಮಸ್ಕಾರ. ಇಷ್ಟು ಲೆಕ್ಕ ಗೊತ್ತಿದ್ದರೆ ನಾವು ಫುಟ್‌ಬಾಲ್ ನೋಡುತ್ತಾನೇ ಇರಲಿಲ್ಲ.

ನಾನು ಹಳಬ, ಹಳೇ ಉದಾಹರಣೆ ಕೊಡುತ್ತೇನೆ. 2001. ಜಿದಾನ್. ಯುವೆಂಟಸ್ ಅವನನ್ನು ರಿಯಲ್ ಮ್ಯಾಡ್ರಿಡ್‌ಗೆ ಕೊಟ್ಟಿತು, ಆಗಿನ ವಿಶ್ವದಾಖಲೆ, ಸುಮಾರು 7.7 ಕೋಟಿ ಯೂರೊ. ವಿಶ್ವಕಪ್ ಗೆದ್ದವನು, ಯೂರೊ ಕಪ್ ಗೆದ್ದವನು, ಅಂಥವನನ್ನು ಮಾರಿದರು. ಅದೇ ಬೇಸಿಗೆಯಲ್ಲಿ ಬಂದವರು ಯಾರು? ಪಾರ್ಮಾದಿಂದ ಬುಫೊನ್, ತುರಾಮ್. ಲಾಜಿಯೊದಿಂದ ನೆಡ್ವೆಡ್. ಅದಕ್ಕೂ ಹಿಂದಿನ ವರ್ಷ ಲೀಗ್‌ನಲ್ಲಿ ಎರಡನೇ ಸ್ಥಾನ. 2002, 2003 ಎರಡೂ ವರ್ಷ ಚಾಂಪಿಯನ್. 2003ರ ಬ್ಯಾಲನ್ ಡಿ'ಓರ್ (ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ) ನೆಡ್ವೆಡ್‌ಗೆ. ಬುಫೊನ್ ಆಮೇಲೆ ಎಷ್ಟು ವರ್ಷ ಅಲ್ಲಿ ನಿಂತ ಅಂತ ಹೇಳಬೇಕಾಗಿಲ್ಲ.

ಮಜಾ ಏನೆಂದರೆ ಕೊಂಡವರಿಗೂ ನಷ್ಟ ಆಗಲಿಲ್ಲ. 2002ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗ್ಲಾಸ್ಗೋದಲ್ಲಿ ಜಿದಾನ್ ಎಡಗಾಲಿನಲ್ಲಿ ಹೊಡೆದ ಆ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆದದ್ದು), ಅದೊಂದಕ್ಕೇ ದುಡ್ಡು ವಾಪಸ್.

ಮಿಡ್‌ಫೀಲ್ಡ್ ಅಕ್ಕ

ಹಳೇ ಬೂಟು ಅಣ್ಣಾ, ಜಿದಾನ್ ಉದಾಹರಣೆ ಚೆನ್ನಾಗಿದೆ. ಆದರೆ ಮಾರಾಟದ ಕಥೆ ಹೇಳುವವರೆಲ್ಲ ಮಾರಿದ ಮೇಲೆ ಗೆದ್ದವರನ್ನೇ ಆರಿಸುತ್ತಾರೆ. ಮಾರದೇ ಗೆದ್ದವರು?

2013ರ ಬೇಸಿಗೆಯಲ್ಲಿ ಆರ್ಸೆನಲ್ ಲಿವರ್‌ಪೂಲ್‌ನ ಸುವಾರೆಜ್‌ಗೆ 4 ಕೋಟಿ ಪೌಂಡ್ ಮೇಲೆ ಒಂದು ಪೌಂಡ್ ಆಫರ್ ಮಾಡಿತು. ಹೌದು, ಒಂದು ಪೌಂಡ್. ಒಪ್ಪಂದದಲ್ಲಿದ್ದ 4 ಕೋಟಿಯ ಷರತ್ತು ದಾಟಲಿ ಅಂತ. ಸುವಾರೆಜ್ ಹೋಗಬೇಕು ಅಂತಲೇ ಕೂತಿದ್ದ. ಲಿವರ್‌ಪೂಲ್ ಬಿಡಲಿಲ್ಲ. ಆ ಸೀಸನ್‌ನಲ್ಲಿ ಅವನು ಲೀಗ್‌ನಲ್ಲಿ 31 ಗೋಲು ಹೊಡೆದ, ತಂಡ 101 ಗೋಲು ಹೊಡೆದು ಎರಡನೇ ಸ್ಥಾನಕ್ಕೆ ಬಂತು. ಮರುವರ್ಷ ಬಾರ್ಸಿಲೋನಾಕ್ಕೆ ಸುಮಾರು 6.5 ಕೋಟಿಗೆ ಮಾರಿದರು. ಒಂದು ವರ್ಷ ತಡೆದು ನಿಂತಿದ್ದಕ್ಕೆ ಗೋಲೂ ಸಿಕ್ಕಿತು, ಎರಡೂವರೆ ಕೋಟಿ ಜಾಸ್ತಿಯೂ ಸಿಕ್ಕಿತು.

ಮಾರಿದ ವರ್ಷ ಏನಾಯಿತು? 101 ಗೋಲು ಇದ್ದದ್ದು 52ಕ್ಕೆ ಬಿತ್ತು. ಆರನೇ ಸ್ಥಾನ. ಸುವಾರೆಜ್ ಜಾಗಕ್ಕೆ ಬಂದವನು ಬಾಲೊಟೆಲ್ಲಿ.

ಗೋಲಿ ನಂ. 1

ಬಾಲೊಟೆಲ್ಲಿ 😂 ಮರೆತಿದ್ದೆ, ಯಾಕೆ ನೆನಪಿಸಿದಿರಿ ಅಕ್ಕಾ

ಆಫ್‌ಸೈಡ್ ರಾಯ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಎಡಗಾಲಿನವರೇ, ನಿಮ್ಮ ತಲೆಬರಹಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ ಇದು.

ಲಿವರ್‌ಪೂಲ್‌ನ ಸಲಾ, 2023. ವಯಸ್ಸು 31. ಒಪ್ಪಂದ ಎರಡೇ ವರ್ಷ ಉಳಿದಿದೆ. ಸೌದಿಯ ಅಲ್ ಇತ್ತಿಹಾದ್ 15 ಕೋಟಿ ಪೌಂಡ್ ತನಕ ಆಫರ್ ಇಟ್ಟಿತು. ಲಿವರ್‌ಪೂಲ್ ಬೇಡ ಅಂದಿತು. ಇಲ್ಲಿ ಎಷ್ಟು ಜನ "ಮುದುಕನಿಗೆ 15 ಕೋಟಿ ಬೇಡ ಅಂದರಲ್ಲಪ್ಪ" ಅಂತ ತಲೆ ಚಚ್ಚಿಕೊಂಡಿದ್ದರು ನೆನಪಿದೆಯಾ? 2024-25ರಲ್ಲಿ ಅದೇ ಮುದುಕ ಲೀಗ್‌ನಲ್ಲಿ 29 ಗೋಲು ಹೊಡೆದ, 18 ಗೋಲಿಗೆ ಪಾಸ್ ಕೊಟ್ಟ. ಲಿವರ್‌ಪೂಲ್ ಚಾಂಪಿಯನ್.

ನಿಮ್ಮ ಸೂತ್ರದ ಪ್ರಕಾರ ಇವನನ್ನು ಮಾರಬೇಕಿತ್ತು. ಉತ್ತರ ಕೊಡಿ.

ಎಡಗಾಲಿನವ

ಕೊಡುತ್ತೇನೆ. ಆ ಆಫರ್ ಬಂದ ದಿನ ನೋಡಿ. 2023ರ ಸೆಪ್ಟೆಂಬರ್ 1, ಇಂಗ್ಲೆಂಡಿನ ವಿಂಡೋ ಮುಚ್ಚುವ ದಿನ. ಸೌದಿಯ ವಿಂಡೋ ಇನ್ನೂ ಒಂದು ವಾರ ತೆರೆದಿತ್ತು. ಅಂದರೆ ಲಿವರ್‌ಪೂಲ್ ಮಾರಬಹುದಿತ್ತು, ಕೊಳ್ಳುವ ಹಾಗಿರಲಿಲ್ಲ. 15 ಕೋಟಿ ಬ್ಯಾಂಕಿನಲ್ಲಿ ಇಟ್ಟುಕೊಂಡು ಜನವರಿ ತನಕ ಬಲಗಡೆ ಯಾರನ್ನು ಆಡಿಸೋದು? ಬ್ಯಾಂಕ್ ಮ್ಯಾನೇಜರನ್ನಾ?

ಹಾಗಾಗಿ ನನ್ನ ಷರತ್ತಿನ ಪ್ರಕಾರವೂ ಅದು ಬೇಡ ಅನ್ನಬೇಕಾದ ಆಫರ್. ಜೂನ್‌ನಲ್ಲಿ ಬಂದಿದ್ದರೆ ಬೇರೆ ಮಾತು.

ಆಫ್‌ಸೈಡ್ ರಾಯ

ಜೂನ್‌ನಲ್ಲಿ ಬಂದಿದ್ದರೆ ಮಾರುತ್ತಿದ್ದಿರಿ, ಎರಡು ವರ್ಷದ ಮೇಲೆ ಆ ಲೀಗ್ ಕಪ್ ಕೈಗೆ ಸಿಗುತ್ತಿರಲಿಲ್ಲ. ನಾನು ಹೇಳುತ್ತಿರೋದು ಅಷ್ಟೇ. ಕೆಲವು ಆಟಗಾರರಿಗೆ ಬದಲಿ ಇಲ್ಲ. 15 ಕೋಟಿ ಕೊಟ್ಟರೂ ಇಲ್ಲ.

ಲೆಕ್ಕದ ಮೇಷ್ಟ್ರು

ಬದಲಿ ಇಲ್ಲ ಅನ್ನೋದು ಆಟಗಾರನ ಏಜೆಂಟ್‌ಗೂ ಗೊತ್ತಿರುತ್ತದೆ ರಾಯರೇ. ಅಲ್ಲೇ ಕಷ್ಟ ಶುರು.

ಆರ್ಸೆನಲ್‌ನ ಆ ಆರು ತಿಂಗಳು ನೋಡಿ. 2017ರ ಬೇಸಿಗೆಯಲ್ಲಿ ಸಾಂಚೆಜ್, ಓಜಿಲ್ ಇಬ್ಬರದ್ದೂ ಒಂದೊಂದೇ ವರ್ಷ ಬಾಕಿ. ಸಾಂಚೆಜ್‌ಗೆ ಮ್ಯಾಂಚೆಸ್ಟರ್ ಸಿಟಿ 6 ಕೋಟಿ ಪೌಂಡ್ ತನಕ ಬಂದಿತ್ತು. ವಿಂಡೋದ ಕೊನೇ ದಿನ, ಅವನ ಬದಲಿಗೆ ಬೇಕಿದ್ದ ಮೊನಾಕೊದ ಲೆಮಾರ್ ಸಿಗಲಿಲ್ಲ ಅಂತ ಮಾರಾಟ ಮುರಿದುಬಿತ್ತು. 2018ರ ಜನವರಿಯಲ್ಲಿ ಅದೇ ಸಾಂಚೆಜ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ, ಬದಲಿಗೆ ಮಿಖಿತಾರಿಯನ್ ಬಂದ. ಒಂದು ಪೈಸೆ ಇಲ್ಲ, ಬರೀ ಅದಲು ಬದಲು.

ಆಟಗಾರ ಕೈತಪ್ಪಿದ ಭಯಕ್ಕೆ, ಉಳಿದ ಒಬ್ಬ ಓಜಿಲ್‌ಗೆ ವಾರಕ್ಕೆ ಸುಮಾರು 3.5 ಲಕ್ಷ ಪೌಂಡ್ ಕೊಟ್ಟು 2021ರ ತನಕ ಕಟ್ಟಿಹಾಕಿದರು. ಮುಂದೆ ಏನಾಯಿತು? 2020ರ ಅಕ್ಟೋಬರ್‌ನಲ್ಲಿ ಲೀಗ್‌ಗಾಗಲಿ, ಯುರೋಪಾ ಲೀಗ್‌ಗಾಗಲಿ (ಯುರೋಪಿನ ಎರಡನೇ ಹಂತದ ಟೂರ್ನಿ) ಅವನ ಹೆಸರನ್ನೇ ನೋಂದಾಯಿಸಲಿಲ್ಲ. ಅಷ್ಟು ಸಂಬಳದ ಮನುಷ್ಯ ಮನೆಯಲ್ಲಿ ಕೂತು ಮ್ಯಾಚ್ ದಿನ ಟ್ವೀಟ್ ಮಾಡುತ್ತಿದ್ದ.

ಇಟ್ಟುಕೊಳ್ಳಿ ಅನ್ನುವವರು ಸಲಾ ಬಗ್ಗೆ ಮಾತಾಡುತ್ತಾರೆ. ಓಜಿಲ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಮಿಡ್‌ಫೀಲ್ಡ್ ಅಕ್ಕ

ಇದು ಒಪ್ಪುವ ಮಾತು ಮೇಷ್ಟ್ರೇ. ಜೊತೆಗೆ ಡ್ರೆಸ್ಸಿಂಗ್ ರೂಮ್ ಸೇರಿಸಿ. ಒಬ್ಬನಿಗೆ ಮೂರೂವರೆ ಲಕ್ಷ ಅಂತ ಗೊತ್ತಾದ ದಿನವೇ ಉಳಿದವರ ಏಜೆಂಟ್‌ಗಳು ಫೋನ್ ಎತ್ತುತ್ತಾರೆ. "ನಮ್ಮ ಹುಡುಗ ಅವನಿಗಿಂತ ಜಾಸ್ತಿ ಓಡುತ್ತಾನೆ" ಅಂತ. ಸಾಂಚೆಜ್ ಯುನೈಟೆಡ್‌ಗೆ ಹೋಗಿ 45 ಪಂದ್ಯದಲ್ಲಿ ಹೊಡೆದದ್ದು 5 ಗೋಲು. ಸಂಬಳ ಮಾತ್ರ ಎಲ್ಲರಿಗಿಂತ ಮೇಲೆ. ಆ ರೂಮಿನಲ್ಲಿ ಕೂತವರಿಗೆ ಹೇಗನಿಸಿರಬೇಕು?

ಡ್ರಾಫ್ಟ್ ಪಿಕ್

ಅಮೆರಿಕನ್ ಫುಟ್‌ಬಾಲ್ ನೋಡುವವನು ನಾನೊಬ್ಬನೇ ಅಂತ ಕಾಣುತ್ತೆ, ಆದರೂ ಒಂದು ಮಾತು. ನೀವು "ಮಾರಾಟ" ಅಂತ ಮಾತಾಡುತ್ತಿದ್ದೀರಿ. ಅದರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇದೇ ಪ್ರಶ್ನೆ ಇನ್ನೂ ಕ್ರೂರವಾಗಿದೆ. ಅಲ್ಲಿ ಆಟಗಾರನನ್ನು ಬಿಟ್ಟುಕೊಟ್ಟರೆ ತಂಡಕ್ಕೆ ಟ್ರಾನ್ಸ್‌ಫರ್ ದುಡ್ಡು ಬರುವುದಿಲ್ಲ. ಟ್ರೇಡ್ ಮಾತ್ರ. ಒಬ್ಬನನ್ನು ಕೊಟ್ಟು, ಬದಲಿಗೆ ಬೇರೆ ಆಟಗಾರರು ಅಥವಾ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನು ಆರಿಸುವ ಸರದಿ ತೆಗೆದುಕೊಳ್ಳುತ್ತಾರೆ. ಎಲ್ಲ ತಂಡಕ್ಕೂ ಸಂಬಳಕ್ಕೆ ಒಂದೇ ಮಿತಿ, 2025ರಲ್ಲಿ 27.92 ಕೋಟಿ ಡಾಲರ್. ಮಾಲೀಕ ಎಷ್ಟೇ ಶ್ರೀಮಂತನಾದರೂ ದಾಟುವ ಹಾಗಿಲ್ಲ.

1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಮ್ಮ ಏಕೈಕ ಸ್ಟಾರ್ ಹರ್ಷೆಲ್ ವಾಕರ್‌ನನ್ನು ಮಿನೆಸೋಟಾಕ್ಕೆ ಕೊಟ್ಟಿತು. ಆ ವರ್ಷ ಡಲ್ಲಾಸ್ ಗೆದ್ದದ್ದು 16ರಲ್ಲಿ 1 ಪಂದ್ಯ. ಎಲ್ಲರೂ ನಕ್ಕರು. ಬಂದ ಡ್ರಾಫ್ಟ್ ಸರದಿಗಳನ್ನು ಹಿಂದೆ ಮುಂದೆ ಮಾಡಿ ಎಮಿಟ್ ಸ್ಮಿತ್ ತರಹದವರನ್ನು ಆರಿಸಿಕೊಂಡರು. 1992, 1993, 1995ರ ಸೀಸನ್‌ಗಳ ಸೂಪರ್ ಬೌಲ್ (ಅಲ್ಲಿನ ಫೈನಲ್) ಡಲ್ಲಾಸ್‌ಗೆ.

ಉಲ್ಟಾ ಉದಾಹರಣೆಯೂ ಇದೆ. 2022ರಲ್ಲಿ ಡೆನ್ವರ್ ರಸೆಲ್ ವಿಲ್ಸನ್‌ಗಾಗಿ ಮೂವರು ಆಟಗಾರರು, ಎರಡು ಮೊದಲ ಸುತ್ತಿನ ಸರದಿ, ಎರಡು ಎರಡನೇ ಸುತ್ತಿನ ಸರದಿ, ಎಲ್ಲ ಕೊಟ್ಟಿತು. ಒಂದೇ ಒಂದು ಪಂದ್ಯ ಆಡುವ ಮೊದಲೇ ಹೊಸ ದೊಡ್ಡ ಒಪ್ಪಂದವನ್ನೂ ಕೊಟ್ಟಿತು. ಎರಡು ಸೀಸನ್ ಆದ ಮೇಲೆ ತೆಗೆದುಹಾಕಿತು. ತೆಗೆದ ಮೇಲೂ 8.5 ಕೋಟಿ ಡಾಲರ್ ಅವರ ಸಂಬಳ ಮಿತಿಯಲ್ಲಿ ಕೂತಿತ್ತು. ಅದಕ್ಕೆ ಅಲ್ಲಿ ಡೆಡ್ ಮನಿ ಅನ್ನುತ್ತಾರೆ. ಇಲ್ಲದ ಆಟಗಾರನಿಗೆ ಕೊಡುವ ಸಂಬಳ.

ಹಳೇ ಬೂಟು

ಚೆನ್ನಾಗಿದೆ ಮಾರಾಯ. ನಮ್ಮ ಕಡೆ ಅದಲು ಬದಲು ಅಪರೂಪ, ಯಾಕೆಂದರೆ ಇಬ್ಬರು ಆಟಗಾರರೂ ಒಪ್ಪಬೇಕು. ಆದರೂ ಒಂದು ದೊಡ್ಡದು ಆಗಿತ್ತು. 2009ರಲ್ಲಿ ಬಾರ್ಸಿಲೋನಾ ಎಟೊನನ್ನೂ ಕೊಟ್ಟು, ಮೇಲೆ ಸುಮಾರು 4.6 ಕೋಟಿ ಯೂರೊ ಕೊಟ್ಟು ಇಂಟರ್‌ನಿಂದ ಇಬ್ರಾಹಿಮೊವಿಚ್‌ನನ್ನು ತಂದಿತು. ಇಂಟರ್‌ಗೆ ಸ್ಟಾರ್ ಹೋದ, ಸ್ಟಾರ್ ಬಂದ, ಗಂಟೂ ಬಂತು. 2010ರಲ್ಲಿ ಇಂಟರ್ ಸೆಮಿಫೈನಲ್‌ನಲ್ಲಿ ಅದೇ ಬಾರ್ಸಿಲೋನಾವನ್ನು ಕೆಡವಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಲೀಗ್, ಕಪ್ ಸೇರಿ ಮೂರೂ. ಆ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಹತ್ತೇ ಜನ ಉಳಿದಾಗ ಎಟೊ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ತರಹ ಆಡಿದ್ದ. ಸ್ಟ್ರೈಕರ್ ಅವನು! ಇಬ್ರಾ ಒಂದೇ ವರ್ಷಕ್ಕೆ ಬಾರ್ಸಿಲೋನಾದಿಂದ ಜಾಗ ಖಾಲಿ ಮಾಡಿದ.

ಮಾರುವಾಗ ಎಷ್ಟು ಬಂತು ಅಂತ ಮಾತ್ರ ನೋಡಬೇಡಿ. ಬಂದವನು ಬೆವರು ಹರಿಸುತ್ತಾನಾ ನೋಡಿ.

ಜೆರ್ಸಿ ನಂ. 10

ನಾನು ಇಷ್ಟೂ ಓದಿದೆ. ಎಲ್ಲರೂ ಕ್ಲಬ್ ಮಾಲೀಕರ ತರಹ ಮಾತಾಡುತ್ತಿದ್ದೀರಿ. ಅಭಿಮಾನಿ ಯಾರೂ ಇಲ್ವಾ ಇಲ್ಲಿ?

ಟೋಟಿ ರೋಮಾದಲ್ಲಿ 1993ರಿಂದ 2017ರ ತನಕ ಆಡಿದ. ಗೆದ್ದ ಲೀಗ್ ಒಂದೇ, 2001ರಲ್ಲಿ. ಬೇರೆ ಕಡೆ ಹೋಗಿದ್ದರೆ ಕಪಾಟು ತುಂಬಾ ಕಪ್ ಇರುತ್ತಿತ್ತು. ರೋಮಾ ಅವನನ್ನು ಮಾರಿದ್ದರೆ ಇಬ್ಬರು ಡಿಫೆಂಡರ್, ಒಬ್ಬ ಕೀಪರ್ ಬರುತ್ತಿದ್ದರೇನೋ. ಬಂದವರ ಹೆಸರು ಇವತ್ತು ನಿಮಗೆ ನೆನಪಿರುತ್ತಿತ್ತಾ? ಅವನ ಕೊನೇ ಪಂದ್ಯದ ದಿನ ಇಡೀ ಮೈದಾನ ಅತ್ತಿತು. ಆ ಜನಕ್ಕೆ ಲೆಕ್ಕಪುಸ್ತಕ ತೋರಿಸಿ ನೋಡೋಣ.

ಲೆಕ್ಕದ ಮೇಷ್ಟ್ರು

ಸ್ವಾಮಿ, ಟೋಟಿಗೆ ಹೋಗುವ ಮನಸ್ಸೇ ಇರಲಿಲ್ಲ. ಇರುವ ಮನಸ್ಸಿದ್ದವನನ್ನು ಇಟ್ಟುಕೊಳ್ಳೋದು ಸುಲಭ. ಪ್ರಶ್ನೆ ಬರೋದು ಸೂಟ್‌ಕೇಸ್ ಕಟ್ಟಿಕೊಂಡು ಕೂತವನ ಬಗ್ಗೆ.

ಅಭಿಮಾನ ಮಾತ್ರ ನೋಡಿ ನಡೆಸಿದರೆ ಏನಾಗುತ್ತೆ ಅನ್ನೋದಕ್ಕೆ ಬಾರ್ಸಿಲೋನಾ ಇದೆ. 2017ರಲ್ಲಿ ನೇಮಾರ್ ಬಿಟ್ಟುಹೋದಾಗ ಕ್ಲಬ್‌ಗೆ 22.2 ಕೋಟಿ ಯೂರೊ ಬಂತು. ಕೈಯಲ್ಲಿ ಅಷ್ಟು ದುಡ್ಡಿದೆ ಅಂತ ಜಗತ್ತಿಗೆಲ್ಲ ಗೊತ್ತು. ಡೆಂಬೆಲೆ, ಕುಟಿನ್ಹೊ ಇಬ್ಬರಿಗೂ ಮಾರುವವರು ಹೇಳಿದ್ದೇ ಬೆಲೆ. 2020ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ ತಾನೇ ಬಯರ್ನ್‌ಗೆ ಎರವಲು ಕೊಟ್ಟಿದ್ದ ಅದೇ ಕುಟಿನ್ಹೊ ಬದಲಿ ಆಟಗಾರನಾಗಿ ಇಳಿದು ಬಾರ್ಸಿಲೋನಾಕ್ಕೇ ಎರಡು ಗೋಲು ಹೊಡೆದ, ಬಯರ್ನ್ ಗೆದ್ದದ್ದು 8-2. ಮರುವರ್ಷ ಸಂಬಳದ ಹೊರೆ ಎಷ್ಟಿತ್ತು ಅಂದರೆ ಮೆಸ್ಸಿಯ ಹೊಸ ಒಪ್ಪಂದವನ್ನು ಲೀಗ್ ನಿಯಮದ ಒಳಗೆ ನೋಂದಾಯಿಸಲು ಆಗಲಿಲ್ಲ. ಮೆಸ್ಸಿಯೇ ಪುಕ್ಕಟೆ ಹೋದ. ಯಾರನ್ನು ಎಂದಿಗೂ ಬಿಡಬಾರದಿತ್ತೋ ಅವನನ್ನೇ.

ಜೆರ್ಸಿ ನಂ. 10

ಮೆಸ್ಸಿ ವಿಷಯ ಎತ್ತಬೇಡಿ ಮೇಷ್ಟ್ರೇ, ಇನ್ನೂ ಗಾಯ ಆರಿಲ್ಲ.

ಕೊನೇ ನಿಮಿಷ

ತಡವಾಗಿ ಬಂದೆ. ಒಂದು ದಾರಿ ಯಾರೂ ಹೇಳಿಲ್ಲ. ಮಾರಲೂ ಬೇಡಿ, ಹೊಸ ಒಪ್ಪಂದಕ್ಕೂ ಒದ್ದಾಡಬೇಡಿ. ಉಳಿದ ವರ್ಷ ಆಡಿಸಿ, ಆಮೇಲೆ ಪುಕ್ಕಟೆ ಕಳಿಸಿ.

ಜರ್ಮನಿಯ ಡಾರ್ಟ್‌ಮಂಡ್ 2013ರಲ್ಲಿ ಸ್ಟ್ರೈಕರ್ ಲೆವಾಂಡೊವ್‌ಸ್ಕಿಗೆ ಮಾಡಿದ್ದು ಇದೇ. ಅವನಿಗೆ ಬಯರ್ನ್‌ಗೆ ಹೋಗಬೇಕಿತ್ತು. ಒಂದು ವರ್ಷ ಬಾಕಿ ಇತ್ತು. ಗೋಟ್ಸೆ ಆಗಲೇ ಹೋಗಿದ್ದ, ಅದೇ ಎದುರಾಳಿಗೆ ಇನ್ನೊಬ್ಬನನ್ನು ಕೊಡಲ್ಲ ಅಂದರು. ಲೆವಾಂಡೊವ್‌ಸ್ಕಿ ಮುಖ ಗಂಟಿಕ್ಕದೆ ಆಡಿದ, 20 ಗೋಲು ಹೊಡೆದು ಲೀಗ್‌ನ ಟಾಪ್ ಸ್ಕೋರರ್ ಆದ, ತಂಡ ಎರಡನೇ ಸ್ಥಾನಕ್ಕೆ ಬಂತು. 2014ರಲ್ಲಿ ಪುಕ್ಕಟೆ ಹೋದ.

ಎಡಗಾಲಿನವ

ಆ ಕಥೆಯ ಮುಂದಿನ ಪುಟವನ್ನೂ ಓದಿ. 2015ರ ಫೆಬ್ರವರಿಯಲ್ಲಿ ಡಾರ್ಟ್‌ಮಂಡ್ ಲೀಗ್ ಪಟ್ಟಿಯ ಕೊನೇ ಸ್ಥಾನದಲ್ಲಿತ್ತು. ಕೊನೆಗೆ ಹೇಗೋ ಏಳನೇದು. ಮ್ಯಾನೇಜರ್ ಕ್ಲಾಪ್ ಬಿಟ್ಟುಹೋದರು. ಒಂದು ವರ್ಷ ಇಟ್ಟುಕೊಂಡದ್ದರಿಂದ ಕಷ್ಟ ಒಂದು ವರ್ಷ ಮುಂದಕ್ಕೆ ಹೋಯಿತು, ಅದನ್ನು ಸರಿ ಮಾಡುವ ದುಡ್ಡು ಮಾತ್ರ ಬರಲಿಲ್ಲ.

ಅದೇ ಲೆವಾಂಡೊವ್‌ಸ್ಕಿ 2022ರಲ್ಲಿ ಬಯರ್ನ್‌ನಲ್ಲಿ ಒಂದು ವರ್ಷ ಬಾಕಿ ಇದ್ದಾಗ ಹಟ ಹಿಡಿದ. ವಯಸ್ಸು ಮೂವತ್ನಾಲ್ಕರ ಹತ್ತಿರ. ಬಯರ್ನ್ 4.5 ಕೋಟಿ ಯೂರೊಗೆ ಬಾರ್ಸಿಲೋನಾಕ್ಕೆ ಕೊಟ್ಟಿತು. ಆ ವಯಸ್ಸಿಗೆ ಅದು ಬಂಪರ್ ಬೆಲೆ.

ಮಿಡ್‌ಫೀಲ್ಡ್ ಅಕ್ಕ

ಬಂಪರ್ ಬೆಲೆ ಸರಿ, ಆದರೆ ನಿಮ್ಮ ಷರತ್ತು? ಬಯರ್ನ್ ಅವನ ಜಾಗಕ್ಕೆ ಸ್ಟ್ರೈಕರ್ ತರಲಿಲ್ಲ. ಮಾನೆ ಬಂದ, ಅವನು ಬೇರೆ ಥರದ ಆಟಗಾರ. ಆ ಸೀಸನ್ ಲೀಗ್ ಗೆದ್ದದ್ದು ಕೊನೇ ದಿನ, ಗೋಲು ವ್ಯತ್ಯಾಸದಲ್ಲಿ. ಅಲ್ಲಿ ಲೆವಾಂಡೊವ್‌ಸ್ಕಿ 23 ಗೋಲು ಹೊಡೆದು ಬಾರ್ಸಿಲೋನಾಕ್ಕೆ ಲೀಗ್ ಗೆಲ್ಲಿಸಿದ. ಮರುವರ್ಷ ಬಯರ್ನ್ ಟಾಟನ್‌ಹ್ಯಾಮ್‌ನ ಸ್ಟ್ರೈಕರ್ ಕೇನ್‌ಗೆ ಸುಮಾರು 10 ಕೋಟಿ ಯೂರೊ ಸುರಿಯಬೇಕಾಯಿತು. ಮಾರಿದ್ದು 4.5ಕ್ಕೆ, ಅದೇ ಜಾಗಕ್ಕೆ ತಂದದ್ದು 10ಕ್ಕೆ.

ಆ ಮಾರಾಟದಲ್ಲಿ ಕೈ ಮೇಲಾಗಿದ್ದು ಟಾಟನ್‌ಹ್ಯಾಮ್‌ಗೆ. 2021ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬಂದಾಗ ಕೇನ್‌ಗೆ ಮೂರು ವರ್ಷ ಬಾಕಿ ಇತ್ತು, ಕ್ಲಬ್‌ನ ಆಗಿನ ಅಧ್ಯಕ್ಷ ಲೆವಿ ಬಿಡಲಿಲ್ಲ. ಎರಡು ವರ್ಷ ಗೋಲು ಹೊಡೆಸಿಕೊಂಡು, ಒಂದೇ ವರ್ಷ ಬಾಕಿ ಇದ್ದ 30 ವಯಸ್ಸಿನವನಿಗೆ ಅಷ್ಟು ದುಡ್ಡು ಎಣಿಸಿಕೊಂಡರು. ಮರುವರ್ಷ ಲೀಗ್‌ನಲ್ಲಿ ಎಂಟರಿಂದ ಐದಕ್ಕೆ ಏರಿದರು. ಅದರ ಮುಂದಿನ ವರ್ಷ 17ನೇ ಸ್ಥಾನಕ್ಕೆ ಬಿದ್ದು ಯುರೋಪಾ ಲೀಗ್ ಗೆದ್ದರು. ಇದರಿಂದ ಏನು ಪಾಠ ಕಲಿಯಬೇಕೋ ನನಗಂತೂ ಅರ್ಥ ಆಗಿಲ್ಲ.

ಗೋಲಿ ನಂ. 1

17ನೇ ಸ್ಥಾನ + ಟ್ರೋಫಿ. ಬರೀ ಟಾಟನ್‌ಹ್ಯಾಮ್ ಕೈಯಲ್ಲಿ ಮಾತ್ರ ಸಾಧ್ಯ.

ಆಫ್‌ಸೈಡ್ ರಾಯ

ಸರಿ ಎಡಗಾಲಿನವರೇ, ಸುತ್ತಿ ಬಳಸೋದು ಬೇಡ. 2021ರ ಆಗಸ್ಟ್. ಎಂಬಾಪೆ. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಜೊತೆ ಒಪ್ಪಂದ ಒಂದೇ ವರ್ಷ ಬಾಕಿ. ರಿಯಲ್ ಮ್ಯಾಡ್ರಿಡ್ 16 ಕೋಟಿ ಯೂರೊ ಟೇಬಲ್ ಮೇಲೆ ಇಟ್ಟಿದೆ. ನೀವು ಆ ಕುರ್ಚಿಯಲ್ಲಿ ಕೂತಿದ್ದೀರಿ. ಹೌದಾ, ಇಲ್ವಾ?

ಎಡಗಾಲಿನವ

ಹೌದು. ಅವತ್ತೇ ಸಹಿ.

ಪಿಎಸ್‌ಜಿ ಬೇಡ ಅಂದಿತು. 2022ರ ಮೇನಲ್ಲಿ ಭಾರೀ ಸಂಬಳ ಕೊಟ್ಟು ಮತ್ತೆ ಒಪ್ಪಂದ ಮಾಡಿಸಿತು. 2023ರ ಬೇಸಿಗೆಯಲ್ಲಿ ಅವನು ಇನ್ನೊಂದು ವರ್ಷ ಮುಂದುವರಿಸಲ್ಲ ಅಂತ ಪತ್ರ ಬರೆದ. ಕ್ಲಬ್ ಸಿಟ್ಟಿಗೆದ್ದು ಜಪಾನ್ ಪ್ರವಾಸದಿಂದಲೇ ಬಿಟ್ಟಿತು. ಸೌದಿಯ ಅಲ್ ಹಿಲಾಲ್ 30 ಕೋಟಿ ಯೂರೊ ಆಫರ್ ಮಾಡಿತು, ಪಿಎಸ್‌ಜಿ ಮಾತಾಡಲು ಒಪ್ಪಿಗೆಯನ್ನೂ ಕೊಟ್ಟಿತು. ಎಂಬಾಪೆ ಭೇಟಿಗೇ ಹೋಗಲಿಲ್ಲ. ಮಾರಬೇಕು ಅಂತ ಕ್ಲಬ್‌ಗೆ ಅನಿಸಿದಾಗ ಆಟಗಾರ ಒಪ್ಪಲಿಲ್ಲ, ಅಷ್ಟೇ. 2024ರಲ್ಲಿ ರಿಯಲ್‌ಗೆ ಪುಕ್ಕಟೆ ಹೋದ. 16 ಕೋಟಿ ಬರಬೇಕಾದ ಕಡೆ ಸೊನ್ನೆ.

ಅವನಿಲ್ಲದ ಮೊದಲ ಸೀಸನ್‌ನಲ್ಲೇ, 2025ರ ಮೇ 31ರಂದು, ಪಿಎಸ್‌ಜಿ ಇಂಟರ್‌ಗೆ 5-0 ಹೊಡೆದು ಚಾಂಪಿಯನ್ಸ್ ಲೀಗ್ ಗೆದ್ದಿತು. ಅವನಿದ್ದಾಗ ಏಳು ವರ್ಷ ಸಿಗದೇ ಇದ್ದದ್ದು. ಮುಂದೆ ನಿಂತವರು ಯಾರು? ಡೆಂಬೆಲೆ, ದುಏ, ಕ್ವಾರಾತ್ಸ್‌ಖೇಲಿಯಾ. ಎಲ್ಲರೂ ಹಿಂದಕ್ಕೂ ಓಡುತ್ತಿದ್ದರು.

ಮಿಡ್‌ಫೀಲ್ಡ್ ಅಕ್ಕ

2021ರ ಆಗಸ್ಟ್ ಅಂದರೆ ಮೆಸ್ಸಿ ಪ್ಯಾರಿಸ್‌ಗೆ ಬಂದಿಳಿದ ತಿಂಗಳು. ನೇಮಾರ್, ಮೆಸ್ಸಿ, ಎಂಬಾಪೆ ಮೂವರ ಫೋಟೋ ಒಟ್ಟಿಗೆ ಬರಬೇಕು ಅಂತ ಕಾದಿದ್ದ ಮಾಲೀಕರು ಅವರು. ಕತಾರ್‌ನವರು. ಅವರದ್ದೇ ದೇಶದಲ್ಲಿ 2022ರಲ್ಲಿ ವಿಶ್ವಕಪ್ ಇತ್ತು. ನೀವು ಆ ಕುರ್ಚಿಯಲ್ಲಿ ಕೂತು "ಇವನನ್ನು ಮಾರೋಣ, ಇಬ್ಬರು ವಿಂಗರ್ ತರೋಣ" ಅಂದಿದ್ದರೆ, ಎಂಬಾಪೆಗಿಂತ ಮೊದಲು ನಿಮ್ಮನ್ನೇ ಕಳಿಸುತ್ತಿದ್ದರು. ಅದೂ ಪುಕ್ಕಟೆ.

ಎಡಗಾಲಿನವ

ಅದಂತೂ ನಿಜ ಅಕ್ಕಾ. ಆದರೂ ಸಹಿ ಹಾಕಿಯೇ ಹೋಗುತ್ತಿದ್ದೆ.